ಅಜ್ಜಿಯ ಕಣ್ಣಿನ ಪೊರೆ: ಆಪರೇಷನ್ ಆದರೆ ಸಾಕೇ?

ಮಕ್ಕಳೇ, "ಅಜ್ಜಿಗೆ ಕಣ್ಣಲ್ಲಿ ಪೊರೆ ಬಂದಿದೆಯಂತೆ, ತೆಗೆಸಬೇಕಂತೆ" ಅನ್ನೋ ಮಾತನ್ನು ನಿಮ್ಮಲ್ಲಿ ಎಷ್ಟೋ ಜನ ಕೇಳಿರುತ್ತೀರಿ. ಊರಿಂದ ಫೋನ್ ಬಂದಾಗ ಅಪ್ಪ ಅಮ್ಮ ಸ್ವಲ್ಪ ಹೊತ್ತು ಅದನ್ನೇ ಮಾತಾಡುತ್ತಾರೆ. ಯಾವ ಆಸ್ಪತ್ರೆ, ಜೊತೆಗೆ ಯಾರು ಹೋಗೋದು, ಯಾವಾಗ ಮಾಡಿಸೋದು ಅಂತ. ಕೊನೆಗೆ "ಮುಂದಿನ ರಜಕ್ಕೆ ನಾವು ಬಂದಾಗ ನೋಡೋಣ" ಅಂತ ಮಾತು ಮುಗಿಯುತ್ತದೆ.

ಜಗತ್ತಿನಲ್ಲಿ ಜನ ಕಣ್ಣು ಕಳೆದುಕೊಳ್ಳೋದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಈ ಪೊರೆಯೇ. ಆದರೆ ಇದು ವಾಸಿ ಮಾಡಬಹುದಾದ ಕುರುಡುತನ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುವ ಒಂದು ಆಪರೇಷನ್‌ನಿಂದ ದೃಷ್ಟಿ ವಾಪಸ್ ಬರುತ್ತದೆ. ಹಾಗಿದ್ದ ಮೇಲೆ ಇಷ್ಟೊಂದು ಜನರಿಗೆ ಯಾಕೆ ಇನ್ನೂ ಕಣ್ಣು ಕಾಣುತ್ತಿಲ್ಲ? ಈ ಲೇಖನ ಓದುವಾಗ ಎರಡು ಪ್ರಶ್ನೆ ನೆನಪಿಟ್ಟುಕೊಳ್ಳಿ. ಒಂದು, ಚಿಕಿತ್ಸೆ ಬೇಕಾದವರಿಗೆ ಅದು ತಲುಪಿತಾ? ಎರಡು, ತಲುಪಿದವರಿಗೆ ನಿಜವಾಗಿಯೂ ಕಣ್ಣು ಕಂಡಿತಾ?

ಪೊರೆ ಅಂದರೆ ಪೊರೆಯಲ್ಲ!

"ಪೊರೆ" ಅಂದ ತಕ್ಷಣ ಹಾವು ಕಳಚುವ ಪೊರೆ ನೆನಪಾಗುತ್ತದೆ, ಅಲ್ವಾ? ಅದಕ್ಕೇ ತುಂಬಾ ಜನ ಕಣ್ಣಿನ ಮೇಲೆ ಒಂದು ತೆಳು ಚರ್ಮ ಬೆಳೆಯುತ್ತೆ, ಡಾಕ್ಟರು ಅದನ್ನು ಸುಲಿದು ತೆಗೆಯುತ್ತಾರೆ ಅಂದುಕೊಂಡಿದ್ದಾರೆ. ನಿಜ ಸಂಗತಿ ಬೇರೆ.

ಕನ್ನಡಿಯಲ್ಲಿ ನಿಮ್ಮ ಕಣ್ಣು ನೋಡಿಕೊಳ್ಳಿ. ಮಧ್ಯದಲ್ಲಿ ಒಂದು ಕಪ್ಪು ಚುಕ್ಕೆ ಇದೆ. ಅದೇ ಪಾಪೆ, ಬೆಳಕು ಒಳಗೆ ಹೋಗುವ ಕಿಂಡಿ. ಅದರ ಹಿಂದೆಯೇ ಸುಮಾರು ಒಂದು ಸೆಂಟಿಮೀಟರ್ ಅಗಲದ, ನೀರಿನಷ್ಟು ತಿಳಿಯಾದ ಮಸೂರ ಇದೆ, ಅಂದರೆ ಲೆನ್ಸ್. ಒಂದು ಮಜಾ ಗೊತ್ತಾ? "ಲೆನ್ಸ್" ಅನ್ನೋ ಪದ ಬಂದಿದ್ದು ಲ್ಯಾಟಿನ್ ಭಾಷೆಯಲ್ಲಿ ಬೇಳೆಗೆ ಇದ್ದ ಹೆಸರಿನಿಂದ. ನಮ್ಮ "ಮಸೂರ"ವೂ ಅಷ್ಟೇ, ಮಸೂರ್ ಬೇಳೆಯ ಹೆಸರೇ. ಆಕಾರ ಹಾಗೇ ಇದೆಯಲ್ಲ!

ಈ ಮಸೂರದಲ್ಲಿ ತುಂಬಿರೋದು ನೀರು ಮತ್ತು ಪ್ರೋಟೀನು. ಹಸಿ ಮೊಟ್ಟೆಯ ಬಿಳಿಭಾಗ ತಿಳಿಯಾಗಿರುತ್ತದೆ, ಬೇಯಿಸಿದರೆ ಬೆಳ್ಳಗಾಗುತ್ತದೆ. ಅದರೊಳಗಿನ ಪ್ರೋಟೀನು ಬದಲಾಗೋದೇ ಇದಕ್ಕೆ ಕಾರಣ. ಕಣ್ಣಿನೊಳಗೆ ಯಾರೂ ಏನೂ ಬೇಯಿಸೋದಿಲ್ಲ, ನಿಜ. ಆದರೆ ವಯಸ್ಸಾದಂತೆ ಮಸೂರದ ಪ್ರೋಟೀನುಗಳು ನಿಧಾನವಾಗಿ ಗಂಟುಗಟ್ಟಿ, ಅದು ಮಬ್ಬಾಗುತ್ತಾ ಹೋಗುತ್ತದೆ. ಸಕ್ಕರೆ ಕಾಯಿಲೆ, ಸಿಗರೇಟು, ಕಣ್ಣಿಗೆ ಬಿದ್ದ ಪೆಟ್ಟು, ಬಹಳ ಕಾಲ ತೆಗೆದುಕೊಂಡ ಸ್ಟೀರಾಯ್ಡ್ ಔಷಧಿ, ವರ್ಷಗಟ್ಟಲೆ ಬಿದ್ದ ಬಿಸಿಲು ಇವೂ ಕಾರಣವಾಗಬಹುದು. ಮಬ್ಬಾದ ಈ ಮಸೂರವನ್ನೇ ನಾವು ಪೊರೆ ಅನ್ನೋದು. ಯಾವ ಡ್ರಾಪ್ಸ್ ಹಾಕಿದರೂ ಅದು ಕರಗೋದಿಲ್ಲ. ಮಬ್ಬಾದ ಮಸೂರ ತೆಗೆದು ಹೊಸದನ್ನು ಇಡೋದೇ ದಾರಿ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳೋಣ. ಪೊರೆ ಆಪರೇಷನ್ನಿಗೆ ಯಾರೂ ಕಣ್ಣು ದಾನ ಮಾಡಬೇಕಿಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು ಅಂತ ನೀವು ಕೇಳಿರಬಹುದು. ಅದು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಗಾಜಿನಂಥ ಪದರ. ಅದನ್ನು ಮನುಷ್ಯರೇ ದಾನ ಕೊಡಬೇಕು. ಪೊರೆಗೆ ಇಡುವ ಮಸೂರ ಕಾರ್ಖಾನೆಯಲ್ಲಿ ತಯಾರಾಗುತ್ತದೆ.

ಒಂದೇ ದಿನ 833 ಆಪರೇಷನ್

ಕರ್ನಾಟಕದಲ್ಲಿ ಕಣ್ಣಿನ ಆಪರೇಷನ್ ಅಂದರೆ ಹಿರಿಯರಿಗೆ ಮೊದಲು ನೆನಪಾಗೋ ಹೆಸರು ಡಾ. ಎಂ. ಸಿ. ಮೋದಿ. ಇವರು ಪ್ರಧಾನಿ ಮೋದಿಯವರಲ್ಲ! ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಮುರುಗೆಪ್ಪ ಚನ್ನವೀರಪ್ಪ ಮೋದಿ. ಬೆಂಗಳೂರಿನಲ್ಲಿ ಅವರ ಕಣ್ಣಿನ ಆಸ್ಪತ್ರೆ ಇರುವ ಜಾಗದ ರಸ್ತೆಗೇ "ಮೋದಿ ಆಸ್ಪತ್ರೆ ರಸ್ತೆ" ಅಂತ ಹೆಸರು.

ಆಗಿನ ಕಾಲದಲ್ಲಿ ಹಳ್ಳಿಯವರು ಕಣ್ಣು ತೋರಿಸಬೇಕಾದರೆ ದೂರದ ಊರಿಗೆ ಹೋಗಬೇಕಿತ್ತು. ಕಣ್ಣು ಕಾಣದವರು ಒಬ್ಬರೇ ಹೇಗೆ ಹೋಗುತ್ತಾರೆ? ಡಾ. ಮೋದಿಯವರು ಇದನ್ನು ತಿರುವುಮುರುವು ಮಾಡಿದರು. ರೋಗಿ ಆಸ್ಪತ್ರೆಗೆ ಬರೋಕಾಗದಿದ್ದರೆ ಆಸ್ಪತ್ರೆಯೇ ರೋಗಿಯ ಹತ್ತಿರ ಹೋಗಲಿ ಅಂತ, 1943ರಿಂದ ಊರೂರಿಗೆ ಹೋಗಿ ಉಚಿತ ಶಿಬಿರ ಮಾಡಿದರು. ಸಾಲಾಗಿ ಟೇಬಲ್ ಹಾಕಿ, ಸಹಾಯಕರು ಒಬ್ಬೊಬ್ಬರನ್ನೇ ಸಿದ್ಧ ಮಾಡುತ್ತಿದ್ದರೆ, ಡಾಕ್ಟರು ಒಂದು ಟೇಬಲ್ಲಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಅವರು ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆ ಪುಸ್ತಕದಲ್ಲಿದೆ. 1993ರ ಹೊತ್ತಿಗೆ 46,120 ಹಳ್ಳಿಗಳಿಗೆ ಹೋಗಿ, 6 ಲಕ್ಷಕ್ಕೂ ಹೆಚ್ಚು ಆಪರೇಷನ್ ಮಾಡಿದ್ದರು ಅಂತಲೂ ಅದೇ ಪುಸ್ತಕ ಹೇಳುತ್ತದೆ. ಭಾರತ ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು. ಅವರು 2005ರಲ್ಲಿ ತೀರಿಕೊಂಡರು.

ನಮ್ಮ ಮೊದಲ ಪ್ರಶ್ನೆ ಇತ್ತಲ್ಲ, "ತಲುಪಿತಾ?" ಅಂತ. ಅದಕ್ಕೆ ಡಾ. ಮೋದಿಯವರಷ್ಟು ದೊಡ್ಡ ಉತ್ತರ ಕೊಟ್ಟವರು ಕಡಿಮೆ. ಇನ್ನು ಎರಡನೇ ಪ್ರಶ್ನೆಗೆ ಬರೋಣ.

ದಪ್ಪ ಕನ್ನಡಕದಿಂದ ಪುಟ್ಟ ಲೆನ್ಸಿಗೆ

ಆ ಶಿಬಿರಗಳ ಕಾಲದಲ್ಲಿ ಮಬ್ಬಾದ ಮಸೂರವನ್ನು ತೆಗೆಯುತ್ತಿದ್ದರು, ಅಷ್ಟೇ. ಅದರ ಜಾಗಕ್ಕೆ ಇಡೋದಕ್ಕೆ ಹಳ್ಳಿಗಳಲ್ಲಿ ಏನೂ ಇರಲಿಲ್ಲ. ಮಸೂರವಿಲ್ಲದ ಕಣ್ಣಿಗೆ ಬೆಳಕು ಬರುತ್ತದೆ, ಆದರೆ ಚಿತ್ರ ಸ್ಪಷ್ಟವಾಗಿರೋದಿಲ್ಲ. ಅದಕ್ಕೇ ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಹಳೆಯ ಫೋಟೋಗಳಲ್ಲಿ ಮುತ್ತಜ್ಜ ಮುತ್ತಜ್ಜಿಯರ ಕಣ್ಣು ಕನ್ನಡಕದ ಹಿಂದೆ ದೊಡ್ಡದಾಗಿ ಕಾಣೋದನ್ನು ನೀವು ನೋಡಿರಬಹುದು. ಕನ್ನಡಕ ಇದ್ದರೆ ಪ್ರಪಂಚ ಕಾಣುತ್ತಿತ್ತು. ಅದು ಒಡೆದರೆ, ಕಳೆದರೆ? ಆಪರೇಷನ್ ಆಗಿಯೂ ಮತ್ತೆ ಕಾಣದ ಸ್ಥಿತಿ.

ಇದಕ್ಕೆ ಪರಿಹಾರ ಹುಡುಕಿದವರು ಲಂಡನ್ನಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿ ಸಿಡಿದು, ಪೈಲಟ್‌ಗಳ ಕಣ್ಣಿಗೆ ಅಕ್ರಿಲಿಕ್ ಚೂರು ಹೊಕ್ಕಿದ್ದವು. ಆ ಚೂರುಗಳಿಂದ ಕಣ್ಣಿಗೆ ಹೆಚ್ಚು ತೊಂದರೆ ಆಗದೇ ಇದ್ದದ್ದನ್ನು ಅವರು ಗಮನಿಸಿದರು. ಹಾಗಾದರೆ ಅದೇ ವಸ್ತುವಿನಲ್ಲಿ ಮಸೂರ ಮಾಡಿ ಕಣ್ಣೊಳಗೆ ಇಟ್ಟರೆ ಹೇಗೆ? 1949ರಲ್ಲಿ ಅವರು ಈ ಪ್ರಯತ್ನ ಶುರು ಮಾಡಿದರು. ಬೇರೆ ಡಾಕ್ಟರುಗಳು ಅದನ್ನು ಒಪ್ಪೋದಕ್ಕೆ ಎಷ್ಟೋ ವರ್ಷ ಹಿಡಿಯಿತು.

1967ರಲ್ಲಿ ಅಮೆರಿಕದ ಡಾ. ಚಾರ್ಲ್ಸ್ ಕೆಲ್ಮನ್ ಇನ್ನೊಂದು ಹೆಜ್ಜೆ ಇಟ್ಟರು. ಹಲ್ಲಿನ ಡಾಕ್ಟರು ಹಲ್ಲು ಸ್ವಚ್ಛ ಮಾಡುವ ಅಲ್ಟ್ರಾಸೌಂಡ್ ಯಂತ್ರ ನೋಡಿ ಅವರಿಗೆ ಆ ಐಡಿಯಾ ಬಂತಂತೆ. ಅದೇ ಕಂಪನದಿಂದ ಮಬ್ಬಾದ ಮಸೂರವನ್ನು ಕಣ್ಣೊಳಗೇ ಪುಡಿ ಮಾಡಿ ಹೀರಿ ತೆಗೆಯಬಹುದು. ಹಾಗಾಗಿ ಈಗ ಎರಡು ಮೂರು ಮಿಲಿಮೀಟರ್ ಸೀಳು ಸಾಕು. ಮಡಚಿದ ಹೊಸ ಲೆನ್ಸ್ ಅದರ ಮೂಲಕ ಒಳಗೆ ಹೋಗಿ, ಅಲ್ಲಿ ಬಿಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಅದೇ ದಿನ ಮನೆಗೆ ಹೋಗಬಹುದು.

ಬರ್ಕ್ಲಿಗೂ ಮಧುರೈಗೂ ಏನು ನಂಟು?

ಲೆನ್ಸ್ ಬಂದರೂ ಬಡವರಿಗೆ ಅದು ಸಿಗುತ್ತಿರಲಿಲ್ಲ. ಯಾಕಂದರೆ ಹೊರದೇಶದಿಂದ ತರಿಸುವ ಒಂದು ಲೆನ್ಸಿಗೆ ನೂರು ಡಾಲರ್‌ಗೂ ಹೆಚ್ಚು ಬೆಲೆ. ಈ ಬೆಲೆ ಇಳಿದ ಕತೆಯಲ್ಲಿ ನಮ್ಮ ಬೇ ಏರಿಯಾಗೂ ಒಂದು ಪಾಲಿದೆ.

ತಮಿಳುನಾಡಿನ ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ ಅಂತ ಇದ್ದರು. ಸಂಧಿವಾತದಿಂದ ಅವರ ಬೆರಳುಗಳೇ ಸೊಟ್ಟಗಾಗಿದ್ದವು. ಆದರೂ ಛಲ ಬಿಡದೆ ಕಣ್ಣಿನ ಆಪರೇಷನ್ ಕಲಿತರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, 1976ರಲ್ಲಿ, 11 ಹಾಸಿಗೆಯ ಅರವಿಂದ ಕಣ್ಣಿನ ಆಸ್ಪತ್ರೆ ಶುರು ಮಾಡಿದರು. ದುಡ್ಡು ಕೊಡಬಲ್ಲವರು ಕೊಡಲಿ, ಆ ಹಣದಲ್ಲೇ ಕೊಡಲಾರದವರಿಗೂ ಚಿಕಿತ್ಸೆ ಆಗಲಿ ಅನ್ನೋದು ಅವರ ಪದ್ಧತಿ.

1978ರಲ್ಲಿ ಅಮೆರಿಕದಲ್ಲಿ ಸೇವಾ ಫೌಂಡೇಶನ್ ಹುಟ್ಟಿತು. ಅದರ ಕಚೇರಿ ಈಗ ಇಲ್ಲೇ ಬರ್ಕ್ಲಿಯಲ್ಲಿದೆ. ಹೆಸರು ನೋಡಿ, ನಮ್ಮದೇ ಪದ "ಸೇವಾ"! ಭಾರತದಲ್ಲಿ ಸಿಡುಬು ರೋಗ ತೊಲಗಿಸೋ ಕೆಲಸ ಮಾಡಿದ್ದ ಡಾ. ಲ್ಯಾರಿ ಬ್ರಿಲಿಯಂಟ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಶುರುವಿನಲ್ಲಿ ಹಣ ಕೊಟ್ಟವರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಕೂಡ ಇದ್ದರು. ಈ ಸಂಸ್ಥೆಯ ನೆರವಿನಿಂದ 1992ರಲ್ಲಿ ಮಧುರೈಯಲ್ಲಿ ಅರೋಲ್ಯಾಬ್ ಅನ್ನೋ ಲೆನ್ಸ್ ಕಾರ್ಖಾನೆ ಶುರುವಾಯಿತು. ಹತ್ತು ಡಾಲರ್ ಆಸುಪಾಸಿನಲ್ಲಿ ಲೆನ್ಸ್ ಸಿಗೋ ಹಾಗಾಯಿತು. ದಪ್ಪ ಕನ್ನಡಕದ ಕಾಲ ಮುಗಿಯೋದಕ್ಕೆ ಇದೂ ಒಂದು ದೊಡ್ಡ ಕಾರಣ.

ಒಂದು ಸಣ್ಣ ಲೆಕ್ಕ

ಈಗ ಗಣಿತ ಇಷ್ಟಪಡೋ ಮಕ್ಕಳಿಗೆ ಒಂದು ಲೆಕ್ಕ. ಕಣ್ಣಿನ ಚಾರ್ಟ್ ಓದಿದಾಗ ಇಲ್ಲಿ 20/20 ಅನ್ನುತ್ತಾರೆ, ಭಾರತದಲ್ಲಿ 6/6 ಅನ್ನುತ್ತಾರೆ. ಎರಡೂ ಒಂದೇ. ಇಲ್ಲಿ ಅಳತೆ ಅಡಿಯಲ್ಲಿ, ಅಲ್ಲಿ ಮೀಟರಿನಲ್ಲಿ. 20/40 ಅಂದರೆ, ಚೆನ್ನಾಗಿರೋ ಕಣ್ಣು 40 ಅಡಿ ದೂರದಿಂದ ಓದೋ ಅಕ್ಷರವನ್ನು ಇವರು 20 ಅಡಿಗೆ ಬಂದು ಓದಬೇಕು ಅಂತ. ಅದೇ ಭಾರತದಲ್ಲಿ 6/12. ಕ್ಯಾಲಿಫೋರ್ನಿಯಾದ ಡಿಎಂವಿಯವರು ಡ್ರೈವಿಂಗ್ ಲೈಸೆನ್ಸ್ ಕೊಡುವಾಗ ಎರಡೂ ಕಣ್ಣು ಸೇರಿ ಇಷ್ಟು ಕಾಣುತ್ತಾ ಅಂತ ನೋಡುತ್ತಾರೆ. ಪೊರೆ ಆಪರೇಷನ್ ಆದ ಕಣ್ಣು ಚೆನ್ನಾಗಿ ಕಾಣುತ್ತಿದೆ ಅನ್ನೋದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಅಳತೆಯೂ 6/12.

ಒಂದು ತಾಲ್ಲೂಕಿನಲ್ಲಿ 100 ಜನರಿಗೆ ಪೊರೆ ಆಪರೇಷನ್ ಬೇಕಿತ್ತು ಅಂದುಕೊಳ್ಳಿ. 60 ಜನರಿಗೆ ಆಯಿತು. ಅವರಲ್ಲಿ 45 ಜನರಿಗೆ 6/12 ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತದೆ. ಆ ತಾಲ್ಲೂಕಿಗೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ? "60 ಆಪರೇಷನ್ ಯಶಸ್ವಿ" ಅಂತ ಪೇಪರಿನಲ್ಲಿ ಬರಬಹುದು. ಆದರೆ ನಿಜವಾದ ಮಾರ್ಕ್ಸು 100ಕ್ಕೆ 45. ಎಷ್ಟು ಜನರಿಗೆ ತಲುಪಿತು ಅನ್ನೋದನ್ನೂ, ತಲುಪಿದವರಿಗೆ ಕಂಡಿತಾ ಅನ್ನೋದನ್ನೂ ಒಂದೇ ಅಂಕಿಯಲ್ಲಿ ಹೇಳುವ ಲೆಕ್ಕ ಇದು. 2021ರಲ್ಲಿ ವಿಶ್ವ ಆರೋಗ್ಯ ಸಭೆಯಲ್ಲಿ ಎಲ್ಲ ದೇಶಗಳೂ ಸೇರಿ, 2030ರೊಳಗೆ ಈ ಅಂಕಿಯನ್ನು 30 ಅಂಶದಷ್ಟು ಹೆಚ್ಚಿಸಬೇಕು ಅಂತ ಗುರಿ ಇಟ್ಟುಕೊಂಡವು. ಅಂದರೆ ನಮ್ಮ ತಾಲ್ಲೂಕಿನ 45, 75 ಆಗಬೇಕು.

ಆಪರೇಷನ್ ಆದ ಮೇಲೂ ಯಾಕೆ ಕಾಣಲ್ಲ?

ಲೆಕ್ಕದಲ್ಲಿ ಉಳಿದ ಆ 15 ಜನರಿಗೆ ಏನಾಗಿರಬಹುದು? ಬಹುತೇಕರಿಗೆ ಈ ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ಆಗದಿದ್ದರೆ ಮುಖ್ಯ ಕಾರಣಗಳು ನಾಲ್ಕು.

ಒಂದು, ಕಣ್ಣಲ್ಲಿ ಬೇರೆ ಕಾಯಿಲೆಯೂ ಇರಬಹುದು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗದ ಅಕ್ಷಿಪಟಲ ಹಾಳಾಗಿದ್ದರೆ, ಗ್ಲಾಕೋಮಾದಿಂದ ಕಣ್ಣಿನ ನರ ಹಾಳಾಗಿದ್ದರೆ, ಲೆನ್ಸ್ ಬದಲಾಯಿಸಿದರೂ ಅದು ಸರಿಹೋಗೋದಿಲ್ಲ. ಎರಡು, ಆಪರೇಷನ್ ಸಮಯದಲ್ಲಿ ತೊಡಕಾಗಬಹುದು, ಅಥವಾ ಆಮೇಲೆ ಸೋಂಕು ತಗಲಬಹುದು. ಇದು ಅಪರೂಪ, ಆದರೆ ಆದರೆ ಬಹಳ ಅಪಾಯ. ಮೂರು, ಕಣ್ಣಿನ ಅಳತೆ ಸರಿಯಾಗಿ ತೆಗೆಯದೆ ಬೇರೆ ಪವರ್‌ನ ಲೆನ್ಸ್ ಇಟ್ಟಿರಬಹುದು. ನಾಲ್ಕನೆಯದು ಎಲ್ಲಕ್ಕಿಂತ ಸಣ್ಣದು: ಆಪರೇಷನ್ ಆದ ಮೇಲೆ ಬೇಕಾದ ಕನ್ನಡಕವನ್ನು ಮಾಡಿಸಿಕೊಂಡಿಲ್ಲ, ಅಷ್ಟೇ! ಮತ್ತೆ ತೋರಿಸೋಕೆ ಹೋಗದೇ ಇದ್ದರೆ ಅದು ಗೊತ್ತಾಗೋದಾದರೂ ಹೇಗೆ?

ಇನ್ನು ಕೆಲವರು ಒಂದೆರಡು ವರ್ಷ ಆದಮೇಲೆ "ಮತ್ತೆ ಪೊರೆ ಬಂತು" ಅನ್ನುತ್ತಾರೆ. ಹೊಸ ಲೆನ್ಸಿಗೆ ಪೊರೆ ಬರೋದಿಲ್ಲ. ಲೆನ್ಸ್ ಇಟ್ಟಿರುವ ತೆಳು ಚೀಲದ ಹಿಂಭಾಗ ಮಬ್ಬಾಗಿರುತ್ತದೆ. ಕೆಲವೇ ನಿಮಿಷದ ಲೇಸರ್‌ನಿಂದ ಅದು ಸರಿಹೋಗುತ್ತದೆ. ಇದು ಗೊತ್ತಿಲ್ಲದೆ "ನಮ್ಮ ಹಣೆಬರಹ" ಅಂತ ಸುಮ್ಮನೆ ಕೂತವರೂ ಇದ್ದಾರೆ.

ಆಸ್ಪತ್ರೆಯವರೆಗೂ ಹೋಗೋದೇ ಕಷ್ಟ

ಹಾಗಾದರೆ ಲೆಕ್ಕದಲ್ಲಿ ಆಪರೇಷನ್ನೇ ಆಗದ 40 ಜನ? ದುಡ್ಡಿಲ್ಲ ಅನ್ನೋದು ಒಂದೇ ಕಾರಣವಲ್ಲ. ಆಪರೇಷನ್ ಉಚಿತವಾದರೂ ಬಸ್ ಚಾರ್ಜು, ಜೊತೆಗೆ ಬರೋರ ಒಂದು ದಿನದ ಕೂಲಿ ಹೋಗುತ್ತದಲ್ಲ? ಸುಗ್ಗಿ ಕಾಲದಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕಣ್ಣಿಗೆ ಕತ್ತರಿ ಹಾಕುತ್ತಾರೆ ಅನ್ನೋ ಭಯ ಬೇರೆ. "ವಯಸ್ಸಾಯ್ತು, ನಾನಿನ್ನು ನೋಡಬೇಕಾದ್ದೇನಿದೆ" ಅನ್ನೋ ಮಾತು ಬೇರೆ. ಎಷ್ಟೋ ಕಡೆ ಗಂಡಸರಿಗಿಂತ ಹೆಂಗಸರಿಗೆ ಈ ಆಪರೇಷನ್ ಆಗೋದು ಕಡಿಮೆ. ಮನೆಯಲ್ಲಿ ಎಲ್ಲರ ಕೆಲಸ ಮುಗಿದ ಮೇಲೇ ಅಜ್ಜಿಯ ಸರದಿ!

"ಪೊರೆ ಇನ್ನೂ ಬಲಿಯಬೇಕು, ಆಮೇಲೆ ತೆಗೆಸೋಣ" ಅನ್ನೋದು ಇನ್ನೊಂದು ಹಳೆಯ ನಂಬಿಕೆ. ಹಿಂದಿನ ಆಪರೇಷನ್ ಪದ್ಧತಿಗೆ ಅದು ಸರಿಯಾಗಿತ್ತು. ಈಗ ಕಾಯಬೇಕಿಲ್ಲ. ದಿನದ ಕೆಲಸಕ್ಕೆ ತೊಂದರೆ ಆಗುತ್ತಿದೆ ಅಂದರೆ ಡಾಕ್ಟರನ್ನು ಕೇಳಿ ಮಾಡಿಸಬಹುದು. ತೀರಾ ಬಲಿತು ಗಟ್ಟಿಯಾದ ಪೊರೆ ತೆಗೆಯೋದೇ ಹೆಚ್ಚು ಕಷ್ಟ.

ಈಗ ಶಾಲೆ, ಛತ್ರಗಳಲ್ಲಿ ಆಪರೇಷನ್ ಮಾಡೋದಿಲ್ಲ. ಸೋಂಕಿನ ಭಯ ಇದೆಯಲ್ಲ, ಅದಕ್ಕೆ. ಶಿಬಿರದಲ್ಲಿ ಕಣ್ಣು ಪರೀಕ್ಷೆ ಮಾತ್ರ. ಪೊರೆ ಇದ್ದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿ, ವಾಪಸ್ ಬಿಡುತ್ತಾರೆ. ಕರ್ನಾಟಕ ಸರ್ಕಾರದ "ಆಶಾಕಿರಣ" ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೂ ಹೋಗಿ ಕಣ್ಣು ನೋಡುತ್ತಾರೆ. ಡಾ. ಮೋದಿಯವರು ಹಾಕಿಕೊಟ್ಟ ದಾರಿ ಹೀಗೆ ಸ್ವಲ್ಪ ಬದಲಾಗಿ ಮುಂದುವರಿದಿದೆ.

ನಮ್ಮ ಬೇ ಏರಿಯಾದಲ್ಲಿ

ಇದನ್ನೆಲ್ಲ ಓದಿ "ಅದೆಲ್ಲ ಹಳ್ಳಿಯ ಕಷ್ಟ" ಅಂದುಕೊಳ್ಳಬೇಡಿ. ದೊಡ್ಡ ದೊಡ್ಡ ಆಸ್ಪತ್ರೆಗಳಿರೋ ಈ ಊರಲ್ಲೂ ಚಿಕಿತ್ಸೆ ಎಲ್ಲರ ಕೈಗೆ ಎಟುಕೋದಿಲ್ಲ. ಈ ಭಾಗವನ್ನು ಅಪ್ಪ ಅಮ್ಮನ ಜೊತೆ ಕೂತು ಓದಿ.

ಮೆಡಿಕೇರ್ ಇರುವ ಹಿರಿಯರಿಗೆ ಪೊರೆ ಆಪರೇಷನ್, ಸಾಮಾನ್ಯ ಲೆನ್ಸ್, ಆಮೇಲೆ ಒಂದು ಕನ್ನಡಕ ಇವುಗಳ ಖರ್ಚಿನಲ್ಲಿ ದೊಡ್ಡ ಪಾಲನ್ನು ಮೆಡಿಕೇರ್ ಕೊಡುತ್ತದೆ. ಆದರೆ ಇಲ್ಲಿ ಕೆಲಸ ಮಾಡಿರದ, ಹೊಸದಾಗಿ ಗ್ರೀನ್ ಕಾರ್ಡ್ ಸಿಕ್ಕಿದ ಅಜ್ಜ ಅಜ್ಜಿಯರು ಅದಕ್ಕೆ ಸೇರಬೇಕಾದರೆ ಸಾಮಾನ್ಯವಾಗಿ ಐದು ವರ್ಷ ಇಲ್ಲಿ ವಾಸ ಮಾಡಿರಬೇಕು. ಆರು ತಿಂಗಳಿಗೆ ಬಂದು ಹೋಗುವವರ ವಿಸಿಟರ್ ಇನ್ಶೂರೆನ್ಸ್ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡೋದಿಲ್ಲ. ಬೇ ಏರಿಯಾದಲ್ಲೇ ವಾಸವಾಗಿದ್ದು, ಇನ್ಶೂರೆನ್ಸ್ ಇಲ್ಲದ, ಕಡಿಮೆ ವರಮಾನದವರಿಗಾಗಿ 1993ರಿಂದ ಆಪರೇಷನ್ ಆಕ್ಸೆಸ್ ಅನ್ನೋ ಸಂಸ್ಥೆ ಕೆಲಸ ಮಾಡುತ್ತಿದೆ. ಇಲ್ಲಿನ ಡಾಕ್ಟರುಗಳು, ನರ್ಸುಗಳು ಸಂಬಳವಿಲ್ಲದೆ ಬಂದು ಉಚಿತವಾಗಿ ಆಪರೇಷನ್ ಮಾಡಿಕೊಡುತ್ತಾರೆ.

ನಮ್ಮಲ್ಲಿ ಹೆಚ್ಚಿನವರು ಊರಿಗೆ ಹೋದಾಗ ಅಲ್ಲೇ ಮಾಡಿಸುತ್ತಾರೆ. ಅದು ಒಳ್ಳೆಯದೇ. ಆದರೆ ಎರಡು ವಾರದ ರಜದಲ್ಲಿ ಮದುವೆ, ಗೃಹಪ್ರವೇಶ, ಶಾಪಿಂಗ್ ನಡುವೆ ಆಪರೇಷನ್ನನ್ನೂ ತುರುಕಿದರೆ, ಆಮೇಲಿನ ಕೆಲಸ ಯಾರು ಮಾಡುತ್ತಾರೆ? ಡ್ರಾಪ್ಸ್ ಕೆಲವು ವಾರ ಹಾಕಬೇಕು. ಡಾಕ್ಟರು ಹೇಳಿದ ದಿನ ಮತ್ತೆ ಮತ್ತೆ ತೋರಿಸಬೇಕು. ಕೊನೆಗೆ ಕನ್ನಡಕದ ನಂಬರ್ ನೋಡಿಸಬೇಕು. ನಾವು ವಿಮಾನ ಹತ್ತಿದ ಮೇಲೆ ಇದನ್ನೆಲ್ಲ ನೋಡಿಕೊಳ್ಳೋರು ಯಾರು ಅಂತ ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ಯೋಚಿಸಬೇಕು. ಅತ್ತೆಯೋ ಚಿಕ್ಕಪ್ಪನೋ ಪಕ್ಕದ ಮನೆಯವರೋ, ಒಬ್ಬರ ಹೆಸರು ನಿಕ್ಕಿ ಆಗಿರಲಿ.

ನೀವೇನು ಮಾಡಬಹುದು?

ಮಕ್ಕಳೇ, ಇದರಲ್ಲಿ ನಿಮ್ಮ ಕೈಲಾಗೋ ಕೆಲಸವೂ ಇದೆ.

1. ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ಒಂದು ಕಣ್ಣು ಅಂಗೈಯಿಂದ ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ಓದೋಕೆ ಹೇಳಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದಾಗ ಚೆನ್ನಾಗಿರೋ ಕಣ್ಣೇ ಎಲ್ಲ ಕೆಲಸ ಮಾಡಿಬಿಡುತ್ತದೆ, ಮಬ್ಬಾದದ್ದು ಗೊತ್ತೇ ಆಗೋದಿಲ್ಲ.

2. ಹೀಗೆ ಕೇಳಿ: "ಅಜ್ಜಿ, ಸೂಜಿಗೆ ದಾರ ಪೋಣಿಸೋಕೆ ಆಗುತ್ತಾ? ಅಕ್ಕಿಯಲ್ಲಿ ಕಲ್ಲು ಕಾಣುತ್ತಾ? ರಾತ್ರಿ ಗಾಡಿಗಳ ಲೈಟು ಕಣ್ಣಿಗೆ ಕುಕ್ಕುತ್ತಾ? ಬಣ್ಣ ಮಾಸಿದ ಹಾಗೆ ಕಾಣುತ್ತಾ?" ಹೌದು ಇಲ್ಲ ಅನ್ನೋದನ್ನು ಬರೆದುಕೊಂಡು ಅಪ್ಪ ಅಮ್ಮನಿಗೆ ತೋರಿಸಿ. ಪರೀಕ್ಷೆ ಮಾಡಿ ಪೊರೆ ಹೌದೋ ಅಲ್ಲವೋ ಅಂತ ಹೇಳೋದು ಡಾಕ್ಟರ ಕೆಲಸ.

3. ಆಪರೇಷನ್ ಆಗಿದ್ದರೆ, ದಿನಾ ಫೋನ್ ಮಾಡಿ "ಡ್ರಾಪ್ಸ್ ಹಾಕಿಕೊಂಡ್ರಾ?" ಅಂತ ಕೇಳೋ ಡ್ಯೂಟಿ ನಿಮ್ಮದೇ ಇರಲಿ. ಅಪ್ಪ ಹೇಳಿದರೆ ಕೇಳದ ಅಜ್ಜ, ಮೊಮ್ಮಗಳು ಹೇಳಿದರೆ ಕೇಳುತ್ತಾರೆ!

4. ಆಪರೇಷನ್ ಆದ ಕಣ್ಣಿನಲ್ಲಿ ನೋವು ಜಾಸ್ತಿಯಾದರೆ, ಕೆಂಪಾದರೆ, ದೃಷ್ಟಿ ಕಡಿಮೆಯಾದರೆ, ನಾಳೆ ಅನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ ಆಗದ ಕಣ್ಣಿಗೂ ಇದ್ದಕ್ಕಿದ್ದಂತೆ ಕಾಣದೆ ಹೋದರೆ ಹೀಗೆಯೇ. ಪೊರೆ ಹಾಗೆ ಒಂದೇ ದಿನದಲ್ಲಿ ಬರೋದಿಲ್ಲ, ಅದು ಬೇರೆ ಏನೋ ಇರಬಹುದು.

5. ಒಂದು ತಿಂಗಳ ನಂತರ ಅದೇ ಕ್ಯಾಲೆಂಡರ್ ಪರೀಕ್ಷೆ ಮತ್ತೆ ಮಾಡಿ. ಆಪರೇಷನ್ ಆದ ಕಣ್ಣಿಗೆ ಚೆನ್ನಾಗಿ ಕಾಣದಿದ್ದರೆ, "ವಯಸ್ಸಾಯ್ತಲ್ಲ" ಅಂತ ಬಿಡದೆ ಮತ್ತೆ ತೋರಿಸೋಕೆ ಹೇಳಿ. ಕನ್ನಡಕವೊಂದೇ ಸಾಕಾಗಬಹುದು.

ಈ ವಾರ ಊರಿಗೆ ಫೋನ್ ಮಾಡಿದಾಗ ಮೊದಲನೇ ಕೆಲಸದಿಂದ ಶುರು ಮಾಡಿ. ಅಜ್ಜಿ ಒಂದೊಂದು ಕಣ್ಣಲ್ಲೂ ಕ್ಯಾಲೆಂಡರಿನ ತಾರೀಖು, ಹಬ್ಬ, ಏಕಾದಶಿ ಎಲ್ಲ ಓದಿ ಹೇಳಿದರೆ ಬಹಳ ಸಂತೋಷ. ಓದೋಕೆ ಆಗದಿದ್ದರೆ ಮುಂದಿನ ರಜದವರೆಗೂ ಕಾಯಬೇಡಿ ಅಂತ ನೀವೇ ಅಪ್ಪ ಅಮ್ಮನಿಗೆ ಹೇಳಿ.